ಪರ್ವದಿನದಲ್ಲಿ ರೋಗಿಯ ಬಟ್ಟೆ

ಚಾಮರಾಜನಗರ ತಾಲ್ಲೂಕಿನ ಕುದೇರಿನ ಕಡೆಯ ಒಂದು ಶ್ರಾವಕರ ಮನೆಯನ್ನು ಊಹಿಸಿಕೊಳ್ಳಬಹುದು. ಅಂದು ಅಷ್ಟಮಿ. ಮನೆಯ ಸೊಸೆ ಪ್ರೋಷಧೋಪವಾಸವನ್ನು ಕೈಗೊಂಡಿದ್ದಾಳೆ. ವೃದ್ಧೆಯಾದ ಅತ್ತೆಗೆ ಹಿಂದಿನ ರಾತ್ರಿಯಿಂದ ವಾಂತಿಭೇದಿ. ಮಲಿನವಾದ ಸೀರೆ, ದುಪ್ಪಟಿಗಳು ಬಚ್ಚಲಿನ ಮೂಲೆಯಲ್ಲಿ ಬಿದ್ದಿವೆ. “ಇವತ್ತು ಬೇಡ ಕಣಮ್ಮ, ನಿನ್ನ ವ್ರತ ಕೆಟ್ಟೀತು. ಕೆಲಸದವಳು ಬಂದು ಒಗೆಯಲಿ” ಎಂದು ಅತ್ತೆಯೇ ಹೇಳುತ್ತಾಳೆ. ಸೊಸೆಯ ಕರ್ತವ್ಯವೇನು?

ಪ್ರಶ್ನೆ ಕ್ಷುಲ್ಲಕವಲ್ಲ. ಉಪವಾಸದ ದಿನ ಪಂಚಪಾಪಗಳೊಡನೆ ಅಲಂಕಾರ, ಆರಂಭ, ಸ್ನಾನಾದಿಗಳನ್ನೂ ತ್ಯಜಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಬಟ್ಟೆ ಒಗೆಯುವುದು ಆರಂಭವೇ ಸರಿ. ಅದರಲ್ಲಿ ಜಲಕಾಯಿಕ ಜೀವಗಳಿಗೂ ನೀರಿನಲ್ಲಿರುವ ತ್ರಸಜೀವಗಳಿಗೂ ಬಾಧೆ ತಪ್ಪದು. ಆದುದರಿಂದ ಸೊಸೆಯ ಹಿಂಜರಿಕೆಯು ಸೋಮಾರಿತನದಿಂದ ಬಂದುದಲ್ಲ, ವ್ರತದ ಮೇಲಣ ಗೌರವದಿಂದ ಬಂದುದು.

ಆದರೆ ಅತ್ತೆ ತೋರಿದ ದಾರಿಯು ವ್ರತವನ್ನು ಕಾಯುವುದೆ? ಪಾಪವು ಕೃತ, ಕಾರಿತ, ಅನುಮೋದನವೆಂದು ಮೂರು ಬಗೆ. ತಾನು ಮಾಡಿದುದೂ ಪರರಿಂದ ಮಾಡಿಸಿದುದೂ ಪರರು ಮಾಡಿದುದಕ್ಕೆ ಒಪ್ಪಿದುದೂ ಆತ್ಮಕ್ಕೆ ಅಂಟುವುವು. ಕೆಲಸದವಳ ಕೈಯಿಂದ ಒಗೆಯಿಸಿದರೆ ಸೊಸೆಯ ಕೈ ಒಣಗಿರಬಹುದು, ಆರಂಭದೋಷ ಒಣಗದು. ಅಷ್ಟೇ ಅಲ್ಲ, ಆಕೆ ಒಗೆಯುವಾಗ ಗಾಳಿಸಿದ ನೀರನ್ನೇ ಬಳಸಿದಳೆ, ಮುಗಿದ ಮೇಲೆ ಕೈ ತೊಳೆಯಲು ಆಕೆಗೆ ಸಾಬೂನು ಸಿಕ್ಕಿತೆ ಎಂದು ಯಾರೂ ವಿಚಾರಿಸುವುದಿಲ್ಲ. ಅದೇ ಕೈಯಿಂದ ಆಕೆ ತನ್ನ ಮಗುವಿಗೆ ಉಣಿಸಿದರೆ ರೋಗವು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತದೆ. ಒಬ್ಬರ ಮಡಿಯು ಇನ್ನೊಬ್ಬರ ಮನೆಯ ಬೇನೆಯಾಗುವುದಾದರೆ ಅದನ್ನು ಶುದ್ಧಿಯೆಂದು ಕರೆಯುವುದು ಹೇಗೆ?

ಹಾಗಾದರೆ ಪಾರಣೆಯವರೆಗೆ ಬಟ್ಟೆಯನ್ನು ಬಿಟ್ಟಿಡಬಹುದೆ? ಒದ್ದೆಯಾದ ಮಲಿನ ವಸ್ತುವಿನಲ್ಲಿ ಸಮ್ಮೂರ್ಛನ ಜೀವಗಳ ಉತ್ಪತ್ತಿಯನ್ನು ಆಗಮವು ಹೇಳುತ್ತದೆ. ತಡಮಾಡಿದಷ್ಟೂ ನಾಳೆಯ ಹಿಂಸೆ ಹೆಚ್ಚುವುದು. ನೊಣಗಳು ಮುತ್ತಿ ಅಡಿಗೆಮನೆಗೆ ಹಾರುವುವು. ಬಿಟ್ಟಿಡುವುದು ಅಹಿಂಸೆಯಂತೆ ತೋರಿದರೂ ಅಹಿಂಸೆಯಲ್ಲ.

ಇಲ್ಲಿ ಶೌಚವೆಂದರೇನೆಂಬುದನ್ನು ವಿವೇಚಿಸಬೇಕು. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು. ದೇಹವನ್ನು ತೊಳೆದು ಶುದ್ಧಗೊಳಿಸಬಹುದೆಂಬ ಭ್ರಮೆ ಅವರಿಗಿಲ್ಲ. ಆದರೂ ಸರ್ವಸಂಗಪರಿತ್ಯಾಗಿಗಳಾದ ಅವರು ಪಿಂಛದೊಡನೆ ಕಮಂಡಲುವನ್ನು ಇಟ್ಟುಕೊಳ್ಳುತ್ತಾರೆ. ಅದು ಶೌಚೋಪಕರಣ. ಅವರಿಗೆ ಕೈಯೇ ಪಾತ್ರೆಯಾದುದರಿಂದ ಆಹಾರಕ್ಕೆ ಮುನ್ನ ಕೈ ಶುಚಿಯಾಗಿರಲೇಬೇಕು. ಶೃಂಗಾರದ ಸ್ನಾನವನ್ನು ಬಿಟ್ಟವರೂ ಕೈಯ ಶುಚಿಯನ್ನು ಬಿಟ್ಟಿಲ್ಲವೆಂಬುದು ಗಮನಾರ್ಹ. ಉಪವಾಸದಂದು ಶ್ರಾವಕಿಯು ತ್ಯಜಿಸುವುದೂ ದೇಹದ ಮೇಲಣ ಮೋಹವನ್ನೇ ಹೊರತು ಶುಚಿಯನ್ನಲ್ಲ.

ಅಕಲಂಕದೇವರು ರಾಜವಾರ್ತಿಕದಲ್ಲಿ ಲೌಕಿಕ ಶುಚಿತ್ವದ ಎಂಟು ಭೇದಗಳನ್ನು ಎಣಿಸುವಾಗ ಅಗ್ನಿ, ಭಸ್ಮ, ಜಲಗಳ ಸಾಲಿನಲ್ಲಿ ನಿರ್ವಿಚಿಕಿತ್ಸೆಯನ್ನೂ ಸೇರಿಸಿದ್ದಾರೆ. ಹೇಸದಿರುವ ಮನಸ್ಸೂ ಒಂದು ಶುಚಿ! ಈ ಅಂಗಕ್ಕೆ ದೃಷ್ಟಾಂತವಾದ ಉದ್ದಾಯನ ಮಹಾರಾಜನ ಕಥೆಯನ್ನು ಶ್ರಾವಕರ ಮಕ್ಕಳೆಲ್ಲ ಬಲ್ಲರು. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ಆಹಾರವನ್ನು ವಾಂತಿ ಮಾಡಿದಾಗ ಪರಿಜನರು ದುರ್ಗಂಧಕ್ಕೆ ಓಡಿದರು. ಅರಸನು ತನ್ನ ಆಹಾರದಲ್ಲೇ ದೋಷವಿದ್ದಿತೆಂದು ಮರುಗಿ, ಸ್ವಹಸ್ತದಿಂದ ತೊಳೆದನು. ವೈಯಾವೃತ್ತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಶಾಸ್ತ್ರವು ಅದನ್ನು ಮುಖ್ಯವಾಗಿ ಸಂಯಮಿಗಳ ವಿಷಯದಲ್ಲಿ ಹೇಳಿದೆಯೆಂಬುದು ನಿಜ. ಆದರೆ ಮನೆಯ ರೋಗಿಗೆ ಹೇಸುವ ಕೈಗೆ ಮುನಿಯ ಸೇವೆಯ ಅಭ್ಯಾಸವು ಎಲ್ಲಿಂದ ಬರಬೇಕು?

ಇನ್ನುಳಿದುದು ಹೇಗೆಂಬ ಮಾತು. ಪ್ರಮಾದಯೋಗದಿಂದ ಪ್ರಾಣಘಾತವಾಗುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಪ್ರಮಾದವೆಂದರೆ ಕ್ರೌರ್ಯವೊಂದೇ ಅಲ್ಲ, ಎಚ್ಚರಗೇಡಿತನವೂ ಹೌದು. 1847ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಪರೀಕ್ಷೆ ಮುಗಿಸಿ ಬಂದ ವೈದ್ಯರ ಕೈಗಳೇ ಬಾಣಂತಿಯರಿಗೆ ಮೃತ್ಯುವನ್ನು ತರುತ್ತಿವೆಯೆಂದು ಕಂಡು, ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಕೈ ತೊಳೆಯಿಸಿದನು. ಸಾವುಗಳು ಬಹಳವಾಗಿ ತಗ್ಗಿದುವು. ಆ ವೈದ್ಯರು ಕ್ರೂರಿಗಳಾಗಿರಲಿಲ್ಲ, ಕೈಯ ಮೇಲೆ ಎಚ್ಚರವಿಲ್ಲದವರಾಗಿದ್ದರು. ಕುದೇರಿನವರಿಗೆ ಇದನ್ನು ದೂರದಿಂದ ಕಲಿಯಬೇಕಾಗಿಲ್ಲ. ಜಿಲ್ಲೆಯ ಹಾಲು ಒಕ್ಕೂಟದ ಡೈರಿ ಇರುವ ಊರು ಅದು. ಕರೆಯುವವನ ಕೈ ಕೊಳಕಾದರೆ ಹಾಲು ಕೆಡುವುದೆಂದು ಅಲ್ಲಿ ದನ ಕಟ್ಟಿದವರೆಲ್ಲ ಬಲ್ಲರು.

ಆದುದರಿಂದ ಯತ್ನಾಚಾರವಿರಲಿ. ರೋಗಿಯ ಬಟ್ಟೆಯನ್ನು ಕೊಡಹಬಾರದು, ಮೈಗೆ ಒತ್ತಿ ಹಿಡಿಯಬಾರದು. ಮಲಿನವನ್ನು ಮೊದಲು ಶೌಚಗುಂಡಿಗೆ ಸೇರಿಸಿ, ಬಟ್ಟೆಯನ್ನು ಬೇರೆಯ ಬಕೆಟ್ಟಿನಲ್ಲಿ, ಗಾಳಿಸಿ ಕಾಯಿಸಿದ ನೀರು ಮತ್ತು ಸಾಬೂನಿನಿಂದ, ಬೇಕಾದಷ್ಟೇ ನೀರಿನಲ್ಲಿ ಒಗೆಯಬೇಕು. ಬಿಸಿನೀರನ್ನು ಆರಿಸದೆ ನೆಲಕ್ಕೆ ಚೆಲ್ಲಬಾರದು. ಬಾವಿ, ಕೆರೆಗಳ ಬಳಿಯೂ ಇರುವೆಗಳಿರುವಲ್ಲಿಯೂ ಕೊಳೆನೀರು ಹರಿಯಬಾರದು. ಬಟ್ಟೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಲಿ. ಕಡೆಗೆ ಕೈಗಳನ್ನು ಸಾಬೂನಿನಿಂದ, ಬೆರಳುಗಳ ಸಂದು, ಉಗುರುಗಳ ಸಹಿತವಾಗಿ, 20 ಸೆಕೆಂಡಿಗೆ ಕಡಮೆಯಿಲ್ಲದೆ ಉಜ್ಜಿ ತೊಳೆಯಬೇಕು. ಆಮೇಲೆಯೇ ನೀರಿನ ಕೊಡವನ್ನೋ ರೋಗಿಯ ಗಂಜಿಯನ್ನೋ ಮುಟ್ಟತಕ್ಕದ್ದು.

ಸಾಬೂನಿನಿಂದ ಸೂಕ್ಷ್ಮಜೀವಿಗಳು ಸಾಯುವುದಿಲ್ಲವೆ ಎಂದು ಕೇಳಬಹುದು. ಕೆಲವು ಸಾಯುತ್ತವೆ, ಬಹುಪಾಲು ಜಿಡ್ಡಿನೊಡನೆ ಕೊಚ್ಚಿಹೋಗುತ್ತವೆ. ಅದು ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ. ಆತನು ತೊರೆದಿರುವುದು ಸಂಕಲ್ಪೀ ಹಿಂಸೆಯನ್ನು. ಅನಿವಾರ್ಯವಾದುದನ್ನು ಅಲ್ಪಗೊಳಿಸುವುದು ಅಣುವ್ರತಿಯ ಧರ್ಮ, ಆದುದನ್ನು ಸಂಜೆಯ ಪ್ರತಿಕ್ರಮಣದಲ್ಲಿ ಆಲೋಚಿಸುವುದು ಆತನ ಪ್ರಾಮಾಣಿಕತೆ.

ಸೊಸೆಯು ಬಟ್ಟೆ ಒಗೆದು, ಕೈ ತೊಳೆದು, ಅತ್ತೆಗೆ ಗಂಜಿ ಕುಡಿಸಿ ಮತ್ತೆ ಸಾಮಾಯಿಕಕ್ಕೆ ಕುಳಿತರೆ ಆಕೆಯ ಉಪವಾಸವು ಕೆಟ್ಟಿತೆನ್ನಲಾಗದು. ಅನ್ನವನ್ನು ಬಿಟ್ಟುದು ಬಾಹ್ಯತಪವಾದರೆ, ಹೇಸಿಗೆಯನ್ನು ಬಿಟ್ಟುದು ಅದರ ಒಳಗಣ ತಪ.