ಅಂದಾಜು: ಊಹೆಯೋ, ಕೊಟ್ಟ ಮಾತೋ?

ಊಹೆ ತಪ್ಪಿದರೆ ಹೇಳಿದವನಿಗೆ ದೋಷವಿಲ್ಲ. ಕೊಟ್ಟ ಮಾತು ತಪ್ಪಿದರೆ ದೋಷವುಂಟು. ಹಾಗಾದರೆ, ಒಂದು ಕಾರ್ಯಕ್ಕೆ ಇಷ್ಟು ಹಣ ತಗಲುವುದೆಂದು ಮುಂಚಿತವಾಗಿ ಬರೆದುಕೊಡುವ ಅಂದಾಜು ಇವೆರಡರಲ್ಲಿ ಯಾವುದು? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಅದನ್ನು ಊಹೆಯೆಂದೇ ಎಣಿಸಿದಂತೆ ತೋರುತ್ತದೆ. ಆದರೆ ಮನೆ ಕಟ್ಟುವವನು ಕಳೆಯುವುದು ತನ್ನ ಹಣವನ್ನು. ಊರಿನ ಹಣವನ್ನು ತೊಡಗಿಸುವವನ ಮಾತು ಬೇರೆ.

ಗಂಗಾಮೂಲದಲ್ಲಿ ಹುಟ್ಟಿ ಕಳಸ, ಬಾಳೆಹೊನ್ನೂರುಗಳನ್ನು ಹಾಯ್ದು ಹೋಗುವ ಭದ್ರೆಯನ್ನು ಅರಿಯದವರು ನಮ್ಮ ವಾಚಕರಲ್ಲಿ ಇರಲಾರರು. ತುಂಗೆಯಿಂದ 17.4, ಭದ್ರೆಯಿಂದ 12.5 ಟಿ.ಎಂ.ಸಿ. ನೀರನ್ನು ಚಿತ್ರದುರ್ಗ, ತುಮಕೂರುಗಳಿಗೂ ನಮ್ಮ ಜಿಲ್ಲೆಯದೇ ಆದ ಬಯಲು ಸೀಮೆಗೂ ಒಯ್ಯತಕ್ಕ ಭದ್ರಾ ಮೇಲ್ದಂಡೆ ಯೋಜನೆಗೆ 2008ರಲ್ಲಿ ಗೊತ್ತುಮಾಡಿದ ವೆಚ್ಚ 5,985 ಕೋಟಿ ರೂಪಾಯಿ. ಮುಂದೆ ಅದು 12,340 ಕೋಟಿಯಾಗಿ, ಬಳಿಕ 21,473 ಕೋಟಿಯಾಯಿತು. ಮೂಡಿಗೆರೆಯ ನೆರೆಯ ಸಕಲೇಶಪುರ ಸೀಮೆಯ ಎತ್ತಿನಹೊಳೆಯ ಲೆಕ್ಕವೂ 2012ರ 8,323 ಕೋಟಿಯಿಂದ 2023ರಲ್ಲಿ 23,251 ಕೋಟಿಗೆ ಏರಿತು. ಸಾಮಗ್ರಿಯ ಬೆಲೆ ಹೆಚ್ಚಿತು, 2013ರ ಕಾನೂನಿನಿಂದ ಭೂಪರಿಹಾರ ಹೆಚ್ಚಿತು ಎಂಬ ಸಮಾಧಾನಗಳು ಸುಳ್ಳಲ್ಲ. ಆದರೆ ಅವು ಸಾಲವು.

ಪ್ರಾಮಾಣಿಕವಾದ ತಪ್ಪು ಒಮ್ಮೆ ಹೆಚ್ಚಿನ ಕಡೆಗೂ ಒಮ್ಮೆ ಕಡಿಮೆಯ ಕಡೆಗೂ ಬೀಳಬೇಕಷ್ಟೆ. ಫ್ಲೂಬ್ಯಾರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸನೂ ಅವನ ಸಂಗಡಿಗರೂ ರೈಲು, ಸೇತುವೆ, ರಸ್ತೆಗಳ 258 ಕಾಮಗಾರಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಲೆಖ್ಖದಲ್ಲಿ ಹತ್ತಕ್ಕೆ ಸುಮಾರು ಒಂಬತ್ತರ ಅಂದಾಜು ಕಡಿಮೆಯಾಗಿಯೇ ಇದ್ದಿತು. ಇದನ್ನು ಕಂಡು ಎಲ್ಲರನ್ನೂ ವಂಚಕರೆನ್ನಬಹುದೆ? ನಾನು ಒಪ್ಪಲಾರೆ. ನಮ್ಮ ಕಾಫಿಯನ್ನೇ ನೋಡಿರಿ. ಹೂಮಳೆಯ ತರುವಾಯ ಕಾಫಿ ಬೋರ್ಡು ಫಸಲಿನ ಒಂದು ಅಂದಾಜು ಮಾಡುತ್ತದೆ. ಮಳೆಗಾಲ ಕಳೆದ ಮೇಲೆ ಮತ್ತೊಂದು. ಎರಡನೆಯದು ಬಹುಮಟ್ಟಿಗೆ ಮೊದಲನೆಯದಕ್ಕಿಂತ ಕಡಿಮೆ. ಇಲ್ಲಿ ವಂಚನೆಯಿಲ್ಲ, ಗಿಡ ಬೆಳ್ಳಗೆ ಅರಳಿ ನಿಂತಾಗ ಆಷಾಢದ ಗಾಳಿಮಳೆ, ಕಾಯಿ ಉದುರುವುದು, ಕೊಳೆರೋಗ ಇವು ಮನಸ್ಸಿಗೆ ತೋರುವುದಿಲ್ಲ. ಆದರೆ ಬಲ್ಲ ಬೆಳೆಗಾರನು ಹೂವನ್ನು ನೋಡಿ ಸಾಲ ಎತ್ತುವುದಿಲ್ಲ. ಅದೇ ತೋಟದ ಹತ್ತು ವರ್ಷಗಳ ಲೆಕ್ಕದ ಪುಸ್ತಕವನ್ನು ತೆಗೆದು ನೋಡುತ್ತಾನೆ. ಕಾನೆಮನ್, ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪಂಡಿತರಿಗೆ ಬೋಧಿಸಿದ್ದೂ ಇಷ್ಟನ್ನೇ: ಕೈಯಲ್ಲಿರುವ ಕಾರ್ಯವೊಂದನ್ನೇ ನೋಡದೆ, ಅದೇ ಜಾತಿಯ ಹಿಂದಿನ ಕಾರ್ಯಗಳು ಏನಾದುವೆಂದು ಕೇಳಬೇಕು.

ದೋಷವು ಹುಟ್ಟುವುದು ಇಲ್ಲಿಯೇ. ಆ ಪುಸ್ತಕ ಎದುರಿಗಿದ್ದರೂ ತೆರೆಯದವನ ಊಹೆಯನ್ನು ಬರಿಯ ಊಹೆಯೆನ್ನಲಾಗದು. ಹಿಂದಿನ ಕಾಲುವೆಗಳೆಲ್ಲ ಇಮ್ಮಡಿ ಹಣ ನುಂಗಿದುವೆಂದು ತಿಳಿದೂ ಹೊಸ ಕಾಲುವೆಗೆ ಹಳೆಯ ರೀತಿಯಲ್ಲಿಯೇ ಅಂಕೆ ಬರೆದವನು ಜನರ ಸಮ್ಮತಿಯನ್ನು ಒಂದು ಬೆಲೆಗೆ ಪಡೆದು ಇನ್ನೊಂದು ಬೆಲೆಗೆ ಮಾರಿದಂತಾಯಿತು.

ಇದಕ್ಕೆ ಬಲವಾದ ಪ್ರತಿವಾದವೊಂದುಂಟು. ಕಷ್ಟವೆಲ್ಲ ಮುಂಚೆಯೇ ತಿಳಿದಿದ್ದರೆ ಮನುಷ್ಯನು ದೊಡ್ಡ ಕಾರ್ಯಕ್ಕೆ ಕೈಹಾಕುತ್ತಲೇ ಇರಲಿಲ್ಲ, ಅಜ್ಞಾನವೇ ಅವನನ್ನು ಮುಂದೆ ನೂಕುತ್ತದೆ ಎಂದು ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞನು 1967ರಲ್ಲಿ ವಾದಿಸಿದನು. 2008ರಲ್ಲಿಯೇ ಇಪ್ಪತ್ತೊಂದು ಸಾವಿರ ಕೋಟಿ ಎಂದಿದ್ದರೆ ಹೊಸದುರ್ಗದ ಬರಗಾಲದ ರೈತನಿಗೆ ನೀರಿನ ಆಸೆಯೂ ಉಳಿಯುತ್ತಿರಲಿಲ್ಲವೇನೋ. ಮಲೆನಾಡಿನ ಮಳೆಯಲ್ಲಿ ಕುಳಿತು ಅವನಿಗೆ ಸತ್ಯದ ಬೆಲೆಯನ್ನು ಹೇಳುವುದು ನನಗೂ ಸುಲಭವಲ್ಲ. ಆದರೆ ಅವನಿಗೆ ದೊರೆತುದೇನು? ಕಿರಿದಾದ ಅಂದಾಜಿಗೆ ತಕ್ಕಂತೆ ಕಿರಿದಾಗಿ ಹಣ ಒದಗಿತು. ಅದು ತೀರಿದಾಗ ಕೆಲಸ ಕುಂಟಿತು. ಕೇಂದ್ರವು 2023ರ ಆಯವ್ಯಯದಲ್ಲಿ 5,300 ಕೋಟಿಯ ನೆರವನ್ನು ಸಾರಿದ ಮೇಲೂ, 2024 ಕಳೆಯುವವರೆಗೆ ಯೋಜನೆ ಮುಗಿದಿರಲಿಲ್ಲ. ನಿಜವಾದ ಮೊತ್ತವನ್ನು ಕೇಳಿದ್ದರೆ ಆ ರೈತನು, ಮೊದಲು ನನ್ನ ಊರಿನ ಕೆರೆಯ ಹೂಳು ತೆಗೆಸಿರಿ, ಕಾಲುವೆ ಆಮೇಲೆ ಬರಲಿ ಎನ್ನುತ್ತಿದ್ದನೋ ಏನೋ. ಆ ಮಾತನ್ನು ಆಡುವ ಅವಕಾಶ ಅವನಿಗೆ ಬರಲೇ ಇಲ್ಲ.