ಬಾನಿನ ಅರಿವು ಯಾರ ಸೊತ್ತು?

1980ರ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ಹಾದು ಬಂದು ಅಂಕೋಲೆಯ ಸುತ್ತಿನಲ್ಲಿ ಕನ್ನಡ ನೆಲವನ್ನು ಮುಟ್ಟಿತು; ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಸಾಗಿ ಆಂಧ್ರದ ಕಡೆಗೆ ಸರಿದುಹೋಯಿತು. ಅದು ಖಗ್ರಾಸ ಸೂರ್ಯಗ್ರಹಣ. ಹಗಲಿನಲ್ಲಿ ಇರುಳು ಕವಿದದ್ದು ಸುಮಾರು ಎರಡೂವರೆ ನಿಮಿಷ. ಆ ಎರಡೂವರೆ ನಿಮಿಷಕ್ಕಾಗಿ ದೇಶವಿದೇಶಗಳ ವಿಜ್ಞಾನಿಗಳು ಬಹುಕಾಲದಿಂದ ಸಿದ್ಧತೆ ನಡೆಸಿ, ಉಪಕರಣಗಳನ್ನು ಹೊತ್ತು ನಮ್ಮ ಊರುಗಳಿಗೆ ಬಂದಿಳಿದಿದ್ದರು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ಸೂರ್ಯನ ಮೇಲ್ಮೈಯ ತಾಪ ಸುಮಾರು 5,500 ಡಿಗ್ರಿ ಸೆಲ್ಸಿಯಸ್; ಅದರ ಹೊರಗಿನ ಪ್ರಭಾವಲಯದ ತಾಪವೋ ಹತ್ತು ಲಕ್ಷ ಡಿಗ್ರಿಗೂ ಮಿಕ್ಕದ್ದು. ಒಲೆಯಿಂದ ದೂರ ಸರಿದಂತೆ ಬಿಸಿ ಹೆಚ್ಚುವ ಈ ವಿಚಿತ್ರಕ್ಕೆ ಕಾರಣ ಹುಡುಕಬೇಕಾದರೆ ಆ ಪ್ರಭಾವಲಯವನ್ನು ನೋಡಬೇಕು. ಬರಿಗಣ್ಣಿಗೆ ಅದು ಕಾಣಿಸಿಕೊಳ್ಳುವುದು ಖಗ್ರಾಸದ ಗಳಿಗೆಯಲ್ಲಿ ಮಾತ್ರ.

ಆ ಗಳಿಗೆಯಲ್ಲಿ ನಾವು ಎಲ್ಲಿದ್ದೆವು? ಈ ಸಂಘದ ಸದಸ್ಯರಲ್ಲಿ ಐವತ್ತು ದಾಟಿದ, ಆ ಸೀಮೆಯಿಂದ ಇಲ್ಲಿಗೆ ಬಂದು ನೆಲೆಸಿದ ಹಲವರಿಗೆ ಉತ್ತರ ಗೊತ್ತು. ನಾವು ಮನೆಯೊಳಗಿದ್ದೆವು. ಬಾಗಿಲಿಗೆ ಅಗುಳಿ ಬಿದ್ದಿತ್ತು, ಕಿಟಕಿಗೆ ಕಂಬಳಿ ಇಳಿಬಿಟ್ಟಿತ್ತು, ನೀರಿನ ಕೊಡದ ಮೇಲೆ ದರ್ಭೆ ಇತ್ತು, ಬಸುರಿ ಹೆಂಗಸರು ನಡುಮನೆಯ ಕತ್ತಲಲ್ಲಿ ಅಲುಗಾಡದೆ ಕುಳಿತಿದ್ದರು. ಬಾಗಿಲ ಸಂದಿಯ ಬೆಳಕಿನ ಗೆರೆ ಕುಂದುತ್ತ ಬಂದು ಅಳಿಸಿಹೋಗಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೂಡಿತು. ನಮ್ಮ ಪಾಲಿಗೆ ದಕ್ಕಿದ ಗ್ರಹಣ ಅಷ್ಟೇ. ಊರಾಚೆಯ ಬಯಲಿನಲ್ಲಿ ದೂರದೇಶದವರು ತಲೆಯೆತ್ತಿ ನಿಂತಿದ್ದಾಗ, ಊರೊಳಗಿನವರಾದ ನಾವು ಬಾಗಿಲು ಹಾಕಿಕೊಂಡು ಕುಳಿತಿದ್ದೆವು.

ಇದನ್ನು ನೆನೆದು ಹಿರಿಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರ ಭಯದಲ್ಲಿ ಒಂದು ನಿಜವೂ ಇತ್ತು: ಗ್ರಹಣದ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ಕಣ್ಣಿಗೆ ಕೇಡು. ಆದರೆ ಸೂರ್ಯಬಿಂಬ ಪೂರ್ಣವಾಗಿ ಮರೆಯಾದ ಆ ಎರಡೂವರೆ ನಿಮಿಷದಲ್ಲಿ ನೋಡಲು ಅಡ್ಡಿಯಿಲ್ಲವೆಂಬುದನ್ನಾಗಲಿ, ಮಿಕ್ಕ ಹೊತ್ತಿನಲ್ಲಿ ಅಂಗಳದಲ್ಲಿ ಜರಡಿ ಹಿಡಿದರೆ ಅದರ ಒಂದೊಂದು ತೂತಿನಿಂದಲೂ ನೆಲದ ಮೇಲೆ ಒಂದೊಂದು ಸೂರ್ಯನ ಕುಡುಗೋಲು ಮೂಡುವುದೆಂಬುದನ್ನಾಗಲಿ ನಮ್ಮ ಮನೆಯವರೆಗೆ ಬಂದು ಯಾರೂ ಹೇಳಿರಲಿಲ್ಲ. ಅರಿವು ಊರಿನ ಗಡಿಯವರೆಗೆ ಬಂದಿತ್ತು, ಹೊಸ್ತಿಲು ದಾಟಲಿಲ್ಲ. ಅಲ್ಲಿಂದ ನಮ್ಮನ್ನು ಕಾಡುತ್ತ ಬಂದ ಪ್ರಶ್ನೆಯನ್ನೇ ಈ ಲೇಖನದಲ್ಲಿ ಎತ್ತಿಕೊಂಡಿದ್ದೇವೆ: ಆಕಾಶದ ಬಗೆಗೆ ಮನುಷ್ಯ ಗಳಿಸಿದ ಅರಿವು ಯಾರ ಸೊತ್ತು? ಗಳಿಸಿದವರಿಗೆ ಅದನ್ನು ಹಂಚುವ ಹೊಣೆ ಉಂಟೇ? ಉಂಟಾದರೆ, ಹಂಚುವುದೆಂದರೆ ಏನನ್ನು?

ಮೊದಲ ಉತ್ತರ ಲೆಕ್ಕಪತ್ರದ್ದು. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಹೊಸಕೋಟೆಯಲ್ಲಿ ಕುಳಿತವರ ಅಪ್ಪಣೆಗೆ ಹಿಮಾಲಯದ ಆಚೆಗಿನ ಕನ್ನಡಿ ಹೊರಳುತ್ತದೆ. ಇದಕ್ಕೆ ತಗಲುವ ವೆಚ್ಚದಲ್ಲಿ ಹೊಸಕೋಟೆಯ ಸಂತೆಗೆ ಸೊಪ್ಪು ತರುವವಳು ಬೆಂಕಿಪೆಟ್ಟಿಗೆ ಕೊಳ್ಳುವಾಗ ತೆತ್ತ ತೆರಿಗೆಯ ಪಾಲೂ ಇದೆ. ತನ್ನ ಊರಿನಿಂದ ಏನನ್ನು ನೋಡುತ್ತಿದ್ದಾರೆಂದು ತಿಳಿಯುವ ಹಕ್ಕು ಅವಳಿಗೂ ಇದೆ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. ಕರ್ತವ್ಯವನ್ನು ಎಲ್ಲರ ಮೇಲೆ ಹೊರಿಸಿ, ಅದಕ್ಕೆ ಬೇಕಾದ ಸಾಮಗ್ರಿಯನ್ನು ಕೆಲವರ ಕೈಯಲ್ಲೇ ಉಳಿಸುವುದು ನ್ಯಾಯವಲ್ಲ.

ಆದರೆ ಇದು ಬರಿಯ ತೆರಿಗೆಯ ಮಾತಾದರೆ ಅರ್ಧವೇ ಆಯಿತು. ನಮ್ಮ ಪರಂಪರೆ ಮನುಷ್ಯನಿಗೆ ಹುಟ್ಟಿನಿಂದ ಬಂದ ಋಣಗಳಲ್ಲಿ ಋಷಿಋಣವನ್ನೂ ಎಣಿಸಿದೆ. ಅರಿವನ್ನು ಕೊಟ್ಟವರಿಗೆ ಅದನ್ನು ಹಿಂದಿರುಗಿಸಿ ಆ ಸಾಲ ತೀರಿಸಲಾಗದು; ತಾನು ಕಲಿತು ಮುಂದಿನವರಿಗೆ ದಾಟಿಸಬೇಕು. ದೂರದರ್ಶಕದ ಮುಂದೆ ಕುಳಿತ ಸಂಶೋಧಕನೂ ಬರಿಗೈಯಲ್ಲಿ ಆರಂಭಿಸಿದವನಲ್ಲ. ನಕ್ಷತ್ರಗಳಿಗೆ ಹೆಸರಿಟ್ಟ ಕುರುಬರು, ದಿಕ್ಕು ಹಿಡಿದ ಅಂಬಿಗರು, ತಿಥಿ ಎಣಿಸಿದ ಜೋಯಿಸರು ಕೂಡಿಟ್ಟ ಬಂಡವಾಳದ ಮೇಲೆ ಅವನ ವ್ಯವಹಾರ ನಿಂತಿದೆ. ಎಲ್ಲರಿಂದ ಬಂದದ್ದು ಎಲ್ಲರಿಗೂ ಸಲ್ಲಬೇಕು.

ಕನ್ನಡ ನಾಡಿನಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಸೂರ್ಯಗ್ರಹಣ, ಚಂದ್ರಗ್ರಹಣಗಳ ಹೊತ್ತಿನಲ್ಲಿ ಭೂಮಿ ದಾನ ಕೊಟ್ಟುದನ್ನು ದಾಖಲಿಸುವ ಶಾಸನಗಳು ಹೇರಳವಾಗಿವೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ನಿರ್ದೇಶಕರಾಗಿದ್ದ ಡಾ. ಬಿ. ಎಸ್. ಶೈಲಜಾ ಅವರು ಇಂಥ ಶಾಸನಗಳನ್ನು ಕಲೆಹಾಕಿ ಖಗೋಳ ಗಣಿತದೊಡನೆ ತಾಳೆ ನೋಡಿದ್ದಾರೆ. ಆ ಕಲ್ಲುಗಳಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಎಷ್ಟೋ ಶಾಸನಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತದಲ್ಲಿರುತ್ತದೆ. ಯಾವ ದಿನ, ಯಾವ ಹೊಲ, ಅದರ ಎಲ್ಲೆ ಯಾವುದು ಎಂಬ ಭಾಗ ಮಾತ್ರ ಕನ್ನಡದಲ್ಲಿ. ಜನರಿಗೆ ತಿಳಿಯಲೇಬೇಕಾದುದನ್ನು ಜನರ ನುಡಿಯಲ್ಲಿ, ಗುಡಿಯ ಮುಂದಿನ ಬಯಲಲ್ಲಿ ನಿಲ್ಲಿಸಿದರು. ಚಂದ್ರಪುರದಿಂದಲೂ ಗೋಪಕಪಟ್ಟಣದಿಂದಲೂ ಆಳಿದ ಗೋವೆಯ ಕದಂಬರು ಕೂಡ ಕನ್ನಡದಲ್ಲಿ ಶಾಸನ ಹಾಕಿಸಿದವರು. ನಾವು ಇಂದು ನಿಂತಿರುವ ನೆಲಕ್ಕೆ ಈ ಪದ್ಧತಿ ಹೊಸದಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ದುಡಿದು ತಿನ್ನುವವನಿಗೆ ನಕ್ಷತ್ರದ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಒಂದು ಕಾಲಕ್ಕೆ ನಾವೂ ಹಾಗೆ ಎಣಿಸಿದ್ದೆವು. ನಮ್ಮ ಎಣಿಕೆಯನ್ನು ತಿದ್ದಿದವನು ಒಬ್ಬ ಗೌಂಡಿ. ಜನವರಿಯ ಒಂದು ಸಂಜೆ ಮನೆಯ ಮಾಳಿಗೆಯ ಮೇಲೆ ಮಕ್ಕಳಿಗೆ ಬೈನಾಕ್ಯುಲರಿನಲ್ಲಿ ಚಂದ್ರನ ಕುಳಿಗಳನ್ನು ತೋರಿಸುತ್ತಿದ್ದೆವು. ಪಕ್ಕದ ಕಟ್ಟಡದ ಕೆಲಸಕ್ಕೆ ಗದಗಿನ ಕಡೆಯಿಂದ ಬಂದಿದ್ದ ಆತ ಕುತೂಹಲದಿಂದ ಮೇಲೆ ಬಂದ. ನೆತ್ತಿಯ ಸಮೀಪದ ಕೆಂಬಣ್ಣದ ಚುಕ್ಕಿಯೊಂದನ್ನು ತೋರಿಸಿ, ಅದು ರೋಹಿಣಿ ಎಂದೆವು.

“ರೋಹಿಣಿ ಅಂದ್ರ ನಮ್ಮ ರೋಹಿಣಿ ಮಳಿ ಏನ್ರಿ ಸರ?” ಎಂದು ಆತ ಬೆರಗಾಗಿ ಕೇಳಿದ. ಅದೇ ಎಂದೆವು. ಸ್ವಲ್ಪ ಹೊತ್ತು ನೋಡಿದವನು, “ಹಂಗಾದ್ರ ಆ ಮಳಿ ಬರೂ ದಿನದಾಗ ಈ ಚುಕ್ಕಿ ಯಾಕ ಕಾಣೂದಿಲ್ರಿ?” ಎಂದ.

ಪ್ರಶ್ನೆ ಅಚ್ಚುಕಟ್ಟಾದುದು. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಸೂರ್ಯನು ರೋಹಿಣಿಯ ದಿಕ್ಕಿನಲ್ಲಿಯೇ ಇರುತ್ತಾನೆ. ಆದುದರಿಂದಲೇ ಅದು ರೋಹಿಣಿ ಮಳೆಯ ಕಾಲ. ಸೂರ್ಯನೊಡನೆ ಮೂಡಿ ಸೂರ್ಯನೊಡನೆ ಮುಳುಗುವ ನಕ್ಷತ್ರ ಇರುಳಿನಲ್ಲಿ ಕಾಣುವುದಾದರೂ ಹೇಗೆ? ಹೀಗೆಂದು ವಿವರಿಸಿದಾಗ ಆತ ತಲೆದೂಗಿ, “ಅಂದ್ರ ಹಗಲೆಲ್ಲ ತಲಿ ಮ್ಯಾಲೆ ಇರ್ತದ, ನಮಗ ಕಾಣೂದಿಲ್ಲ ಅಷ್ಟ” ಎಂದ. ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ಆ ಸಂಜೆ ಅವನ ಕಣ್ಣನ್ನು ಮುಟ್ಟಿದ ಬೆಳಕು ಗೋವೆಯ ವಿಮೋಚನೆಯ ಆಸುಪಾಸಿನ ವರ್ಷಗಳಲ್ಲಿ ಅಲ್ಲಿಂದ ಹೊರಟದ್ದು. ಇದನ್ನು ಕೇಳಿದ ಮೇಲೆ ಆತ ಬಹಳ ಹೊತ್ತು ಮಾತಾಡಲಿಲ್ಲ. ಇದರಿಂದ ಅವನ ಕೂಲಿ ಹೆಚ್ಚಲಿಲ್ಲ, ನಿಜ. ಆದರೆ ಬೆರಗು ಉಂಡವರಿಗೆ ಮಾತ್ರ ಸಲ್ಲುವ ಭೋಗವೆಂದು ತೀರ್ಮಾನಿಸಲು ನಾವು ಯಾರು? ಮಳೆಯ ಹೆಸರಿನಲ್ಲಿ ಆ ನಕ್ಷತ್ರವನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದವರು ಅವನ ಮನೆತನದವರೇ ಅಲ್ಲವೇ?

ಆ ಸಂಜೆ ನಮಗೆ ಇನ್ನೊಂದು ಪಾಠವೂ ಆಯಿತು. ಅವನಿಗೆ ತೃಪ್ತಿ ಕೊಟ್ಟದ್ದು ನಾವು ಹೇಳಿದ ತೀರ್ಮಾನವಲ್ಲ. ತಾನೇ ಕಂಡದ್ದು, ತಾನೇ ಕೇಳಿದ್ದು, ತನ್ನ ಬುದ್ಧಿಯಿಂದಲೇ ಹೊಂದಿಸಿಕೊಂಡದ್ದು. ಖಗೋಳ ವಿಜ್ಞಾನವನ್ನು ಜನರಿಗೆ ತಲುಪಿಸುವ ಕೆಲಸದಲ್ಲಿ ನಾವು ಎಡವುವುದು ಇಲ್ಲಿಯೇ. ಇಂತಿಷ್ಟು ದೂರ, ಇಂತಿಷ್ಟು ತಾಪ, ಇಂಥ ಗ್ರಹ ಪತ್ತೆ ಎಂದು ಫಲಿತಾಂಶಗಳನ್ನು ಪ್ರಸಾದದಂತೆ ಹಂಚುತ್ತೇವೆ. ಕೇಳುವವರು ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತಾರೆ. ಹಾಗೆ ಸ್ವೀಕರಿಸಿದವರಿಗೆ, ಶನಿಯ ಸುತ್ತ ಉಂಗುರವಿದೆಯೆನ್ನುವ ವಿಜ್ಞಾನಿಗೂ ಶನಿ ನಿಮ್ಮನ್ನು ಏಳೂವರೆ ವರ್ಷ ಕಾಡುತ್ತಾನೆನ್ನುವ ಜೋತಿಷಿಗೂ ಏನು ವ್ಯತ್ಯಾಸ? ಇಬ್ಬರೂ ನಮಗೆ ಕಾಣದ್ದನ್ನು ಹೇಳುತ್ತಾರೆ, ಇಬ್ಬರನ್ನೂ ನಂಬಬೇಕು. ವ್ಯತ್ಯಾಸವಿರುವುದು ಒಂದೇ ಕಡೆ: ವಿಜ್ಞಾನಿ ‘ಬನ್ನಿ, ನೀವೇ ನೋಡಿ; ನಾನು ತಪ್ಪಿದ್ದರೆ ತೋರಿಸಿ’ ಎನ್ನಬಲ್ಲ. ಆ ಆಹ್ವಾನವನ್ನು ಬಿಟ್ಟು ಫಲಿತಾಂಶವನ್ನಷ್ಟೇ ಕೊಟ್ಟರೆ ನಾವು ಹಂಚಿದ್ದು ವಿಜ್ಞಾನವನ್ನಲ್ಲ, ಇನ್ನೊಂದು ನಂಬಿಕೆಯನ್ನು.

ಪ್ಲೂಟೋವಿನ ಪ್ರಸಂಗ ಇದಕ್ಕೆ ನಿದರ್ಶನ. 1930ರಲ್ಲಿ ಕಂಡುಹಿಡಿಯಲಾದ ಅದನ್ನು ನಾವೆಲ್ಲ ಒಂಬತ್ತನೆಯ ಗ್ರಹವೆಂದು ಬಾಯಿಪಾಠ ಮಾಡಿದ್ದೆವು. 2006ರಲ್ಲಿ ಅದು ಗ್ರಹಗಳ ಪಟ್ಟಿಯಿಂದ ಹೊರಬಿದ್ದಾಗ, ಇವರು ಇಂದೊಂದು ಹೇಳುತ್ತಾರೆ ನಾಳೆ ಇನ್ನೊಂದು ಹೇಳುತ್ತಾರೆ ಎಂದು ಅನೇಕರು ನಕ್ಕರು. ಎರಿಸ್‌ನಂಥ ಕಾಯಗಳು ಆ ವಲಯದಲ್ಲಿ ಒಂದೊಂದಾಗಿ ಸಿಕ್ಕತೊಡಗಿದ್ದರಿಂದ ಗ್ರಹವೆಂದರೇನು ಎಂಬುದನ್ನೇ ಖಚಿತಪಡಿಸಬೇಕಾಯಿತೆಂಬ ಹಿನ್ನೆಲೆ ತಿಳಿದವರು ನಗಲಿಲ್ಲ. ಹೊಸ ಪುರಾವೆ ಬಂದಾಗ ತಿದ್ದಿಕೊಳ್ಳುವ ಧೈರ್ಯ ಅವರಿಗೆ ಕಾಣಿಸಿತು. ಹೆಮ್ಮೆಯ ವಿಷಯದಲ್ಲೂ ಹೀಗೆಯೇ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ನಾವೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ಸರಿಯೇ. ಆದರೆ ಅಲ್ಲಿಯೇ ಏಕೆ ಇಳಿಯಬೇಕಿತ್ತು ಎಂದು ಮನೆಯ ಮಗು ಕೇಳಿದಾಗ, ಆ ಭಾಗದಲ್ಲಿ ಸೂರ್ಯನ ಬೆಳಕೇ ಬೀಳದ ಕುಳಿಗಳಿವೆ, ಅಲ್ಲಿ ನೀರು ಹಿಮವಾಗಿ ಉಳಿದಿರಬಹುದು ಎಂದು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದೆವು?

ಮಗುವಿಗೆ ಯಾವ ನುಡಿಯಲ್ಲಿ ಹೇಳಬೇಕೆಂಬುದು ಮುಂದಿನ ಮಾತು. ಗೆಲಿಲಿಯೋ 1610ರಲ್ಲಿ ಗುರುವಿನ ಉಪಗ್ರಹಗಳ ಸುದ್ದಿಯನ್ನು ವಿದ್ವಾಂಸರ ಭಾಷೆಯಾದ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ. ಮುಂದೆ ತನ್ನ ಮುಖ್ಯ ಗ್ರಂಥಗಳನ್ನು ಊರಿನವರ ಭಾಷೆಯಾದ ಇಟಾಲಿಯನ್ನಿನಲ್ಲಿ ಬರೆದ. ಕನ್ನಡದಲ್ಲಿ ಆ ಕೆಲಸಕ್ಕೆ ಹೆಗಲು ಕೊಟ್ಟವರು ಕಡಿಮೆಯೇನಲ್ಲ. ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಸಂಪುಟಗಳನ್ನು ಒಬ್ಬರೇ ಹೊತ್ತು ತಂದರು. ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗದ ಸಂಪಾದಕರಾಗಿದ್ದ ಜಿ. ಟಿ. ನಾರಾಯಣರಾಯರು ಸೂಪರ್ನೋವಾ, ಕೃಷ್ಣವಿವರಗಳ ಬಗೆಗೆ ಕನ್ನಡದಲ್ಲಿ ಪುಸ್ತಕ ಬರೆದುದಲ್ಲದೆ, ಜನರನ್ನು ಬಯಲಿಗೆ ಕರೆದೊಯ್ದು ಬೆರಳು ಮಾಡಿ ನಕ್ಷತ್ರ ತೋರಿಸಿದರು. ಗೋವೆಯಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಕೊಂಕಣಿ, ಮನೆಯಲ್ಲಿ ಕನ್ನಡ ಆಡುವವರು. ಆಡುನುಡಿ ಊಟ ತಿಂಡಿಯ ಮಾತಿಗಷ್ಟೇ ಸಾಕೆಂದು ಅವರು ಎಣಿಸಿದರೆ ಆ ತಪ್ಪು ಅವರದಲ್ಲ. ಅಜ್ಜಿಯ ‘ಆರಿದ್ರಾ ಮಳೆ’ಯನ್ನೂ ಪಾಠದ ಬೆಟೆಲ್‌ಗ್ಯೂಸನ್ನೂ ಒಂದೇ ಚುಕ್ಕಿಯಲ್ಲಿ ಕೂಡಿಸಿ ತೋರಿಸುವ ಕೆಲಸ ಶಾಲೆಯಿಂದಾಗದು, ಅದು ಮನೆಯಿಂದ, ಸಂಘದಿಂದ ಆಗಬೇಕಾದದ್ದು.

ಸುಲಭಗೊಳಿಸುವ ಹುರುಪಿನಲ್ಲಿ ಸುಳ್ಳು ನುಸುಳಬಾರದೆಂಬ ಎಚ್ಚರವೂ ಬೇಕು. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳ ಬಣ್ಣ ನಾವು ಅಲ್ಲಿಗೆ ಹೋದರೆ ಕಾಣುವ ಬಣ್ಣವಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಕಾಣುವ ಬಣ್ಣಕ್ಕೆ ಅನುವಾದಿಸಿದ್ದು. ಇದನ್ನು ಹೇಳಿದರೆ ಚಿತ್ರದ ಸೊಗಸು ಕುಂದುವುದಿಲ್ಲ. ಹೇಳದೆ ಮರೆಸಿದರೆ, ಮುಂದೊಂದು ದಿನ ತಿಳಿದವನು ನಮ್ಮ ಉಳಿದ ಮಾತನ್ನೂ ನಂಬಲಾರ.

ಗೋವೆಯಲ್ಲಿ ಈ ದಾರಿಯನ್ನು ಹಾಕಿಕೊಟ್ಟವರಿದ್ದಾರೆ. ಇತಿಹಾಸಕಾರ ಪರ್ಸಿವಲ್ ನೊರೊನ್ಹಾ ಅವರು ಕಟ್ಟಿದ ‘ಅಸೋಸಿಯೇಷನ್ ಆಫ್ ಫ್ರೆಂಡ್ಸ್ ಆಫ್ ಆಸ್ಟ್ರಾನಮಿ’ ಪಣಜಿಯ ಜುಂತಾ ಹೌಸ್ ಕಟ್ಟಡದ ಮಾಳಿಗೆಯ ಮೇಲೆ ಸಾರ್ವಜನಿಕ ವೀಕ್ಷಣಾಲಯವನ್ನು ನಡೆಸಿಕೊಂಡು ಬಂದಿತು. ಪೇಟೆಯ ನಡುವೆ, ಮೆಟ್ಟಿಲು ಹತ್ತಿ ಬಂದ ಯಾರಿಗಾದರೂ ಶನಿಯ ಉಂಗುರವನ್ನು ತೋರಿಸಿದ ತಾಣ ಅದು. ಅಷ್ಟು ದೊಡ್ಡ ಏರ್ಪಾಡು ನಮ್ಮ ಸಂಘದ ಕೈಯಲ್ಲಿ ಆಗಲಿಕ್ಕಿಲ್ಲ. ರಾಜ್ಯೋತ್ಸವದ ಸಂಭ್ರಮ ಮುಗಿದ ಮೇಲೆ, ಮಳೆ ಹಿಂದೆಗೆದ ತಿಳಿ ಆಕಾಶದ ಒಂದು ಸಂಜೆ, ಒಂದು ಚಿಕ್ಕ ದೂರದರ್ಶಕವನ್ನು ಎರವಲು ತಂದು ಕನ್ನಡದಲ್ಲಿ ಆಕಾಶ ತೋರಿಸುವುದು ಆಗದ ಕೆಲಸವಲ್ಲ. ಸದಸ್ಯರ ಕುಟುಂಬಗಳಷ್ಟೇ ಅಲ್ಲ, ವಾಸ್ಕೋದ ಬಂದರು, ಮಡಗಾವಿನ ಮಾರುಕಟ್ಟೆ, ಊರೂರಿನ ಕಟ್ಟಡ ಕೆಲಸಗಳಲ್ಲಿ ದುಡಿಯುವ ನಮ್ಮ ನುಡಿಯವರನ್ನೂ ಕರೆಯಬೇಕು. ಅವರು ಬರಿಗೈಯಲ್ಲಿ ಬರುವುದಿಲ್ಲ. ಇಪ್ಪತ್ತೇಳು ಮಳೆಗಳ ಹೆಸರು ಅವರ ನಾಲಗೆಯ ಮೇಲಿರುತ್ತದೆ.

2027ರ ಆಗಸ್ಟ್ 2ರಂದು ಮತ್ತೊಂದು ಸೂರ್ಯಗ್ರಹಣವಿದೆ. ಈಜಿಪ್ಟಿನಲ್ಲಿ ಅದು ಖಗ್ರಾಸ. ಗೋವೆಯಲ್ಲಿ ಇಳಿಹೊತ್ತಿಗೆ ಪಾರ್ಶ್ವಗ್ರಹಣ. ಮಳೆಗಾಲವಾದುದರಿಂದ ಮೋಡ ಕವಿದು ಏನೂ ಕಾಣದಿರಬಹುದು. ಮೋಡ ಮುಚ್ಚಿದರೆ ಯಾರ ತಪ್ಪೂ ಇಲ್ಲ. ನಾವು ಮಾತ್ರ ಆ ಸಂಜೆ ಮಕ್ಕಳ ಕೈಗೆ ಅಡಿಗೆಮನೆಯ ಜರಡಿ ಕೊಟ್ಟು, ಬಾಗಿಲು ತೆರೆದು, ಅವರೊಡನೆ ಅಂಗಳದಲ್ಲಿ ನಿಂತಿರೋಣ.