ಖಾಲಿ ಜಾಗ ಎಂಬ ಚಿತ್ರ

ಚಳ್ಳಕೆರೆ ತಾಲ್ಲೂಕಿನ ಕುದಾಪುರವನ್ನೂ ಅರಬ್ಬಿ ಸಮುದ್ರದ ಅಮೀನಿ ದ್ವೀಪವನ್ನೂ ಜೊತೆಗಿಟ್ಟು ಯೋಚಿಸುವುದು ವಿಚಿತ್ರವೆನಿಸಬಹುದು. ಒಂದು ಮಳೆಗೆ ಬಾಯ್ಬಿಡುವ ಹುಲ್ಲುಬಯಲು, ಇನ್ನೊಂದು ನೀರಿನ ನಡುವಣ ತೆಂಗಿನ ನೆಲ. ಆದರೆ ಎರಡಕ್ಕೂ ಒಂದೇ ಚರಿತ್ರೆಯ ನಂಟಿದೆ. ಕುದಾಪುರದ ಕಾವಲಿಗಿರುವ ಅಮೃತಮಹಲ್ ಎಂಬ ಹೆಸರು ಟಿಪ್ಪು ಸುಲ್ತಾನನ ಕಾಲದ್ದು. ಅಮೀನಿ ಮೊದಲಾದ ಅಮೀನ್‌ದಿವಿ ದ್ವೀಪಗಳೂ 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಎರಡರ ಹಣೆಬರಹವೂ ಬದಲಾಯಿತು. ಆ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದನ್ನು ನಾವು ಮರೆತಿದ್ದೇವೆ.

ಇನ್ನೊಂದು ಹೋಲಿಕೆಯಿದೆ. ಹೊರಗಿನವನ ಕ್ಯಾಮರಾದಲ್ಲಿ ಎರಡೂ ಖಾಲಿಯಾಗಿ ಕಾಣುತ್ತವೆ. ಒಂದು ನೆಲವನ್ನು ಖಾಲಿ ಎನ್ನುವ ಹಕ್ಕು ಯಾರದು? ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಂಡಿಲ್ಲ.

ಫೋಟೋಗ್ರಫಿ ನಮ್ಮಲ್ಲಿಗೆ ಬಂದದ್ದು ಆಳುವವರ ಕೈಯಲ್ಲಿ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ 'ದಿ ಪೀಪಲ್ ಆಫ್ ಇಂಡಿಯಾ' ನಮ್ಮ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ಜೋಡಿಸಿಟ್ಟಿತು. 1890ರ ದಶಕದಲ್ಲಿ ಅಂಡಮಾನಿನ ಅಧಿಕಾರಿ ಪೋರ್ಟ್‌ಮನ್ ದ್ವೀಪವಾಸಿಗಳನ್ನು ಕಪ್ಪು-ಬಿಳಿ ಚೌಕಗಳ ಪರದೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದ. ಅವರ ಅಳತೆ ಉಳಿಯಿತು, ಮಾತು ಉಳಿಯಲಿಲ್ಲ. ನೂರು ವರ್ಷಗಳ ನಂತರ, 2000ದಿಂದ 2004ರವರೆಗೆ, ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿಯವರ ಜೊತೆಗೂಡಿ ಮಾಡಿದ ಚಿತ್ರಮಾಲೆಯಲ್ಲಿ ಅಂಥ ಹಳೆಯ ಚಿತ್ರಗಳ ಭಂಗಿಗಳನ್ನು ತಾವೇ ತೊಟ್ಟು ನಿಂತರು. ನೋಡಿಸಿಕೊಳ್ಳುತ್ತಿದ್ದವಳೇ ಚಿತ್ರದ ಒಡತಿಯಾದಾಗ ನಗು ಬರುತ್ತದೆ. ಆ ನಗು ಅಳತೆಗೋಲಿನ ಮೇಲೆ.

ಇಂದಿನ ಚಿತ್ರಗಳು ಮನುಷ್ಯರನ್ನು ಅಳೆಯುವುದಿಲ್ಲ, ಬಿಟ್ಟುಬಿಡುತ್ತವೆ. 2024ರ ಜನವರಿಯಲ್ಲಿ ಲಕ್ಷದ್ವೀಪದ ಕಡಲತೀರದ ಚಿತ್ರಗಳು ದೇಶವನ್ನೆಲ್ಲ ಸುತ್ತಿದವು. ಬಿಳಿ ಮರಳು, ನೀಲಿ ನೀರು, ಪ್ರವಾಸದ ಆಸೆ. 2011ರ ಜನಗಣತಿಯಂತೆ ಅಲ್ಲಿ 64,473 ಜನ ಇದ್ದಾರೆ ಎಂಬುದು ಎಷ್ಟು ಜನರ ನೆನಪಿಗೆ ಬಂದಿತು?

ಕುದಾಪುರದ ಚಿತ್ರ ಆಕಾಶದಿಂದ ತೆಗೆದದ್ದು. ಉಪಗ್ರಹದ ಚಿತ್ರಗಳಿಂದ ತಯಾರಾದ ನಮ್ಮ ಪಾಳುಭೂಮಿ ನಕಾಶೆಗಳಲ್ಲಿ ಕುರುಚಲು ಬಯಲುಗಳು ಪಾಳು ಎಂದೇ ದಾಖಲಾದವು. ಚಳ್ಳಕೆರೆಯ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. ಗೋಡೆ ಎದ್ದಿತು, ಹಸಿರು ನ್ಯಾಯಮಂಡಳಿಗೆ ದೂರೂ ಹೋಯಿತು. ಆ ಹುಲ್ಲಿನಲ್ಲಿ ಕುರುಬರ ಕುರಿ ಮೇಯುತ್ತಿತ್ತು, ಅದರ ಉಣ್ಣೆ ಚಳ್ಳಕೆರೆಯ ಕಂಬಳಿಯಾಗುತ್ತಿತ್ತು. ಮ್ಯಾಸಬೇಡರ ದೇವರ ಎತ್ತುಗಳಿಗೂ ಕೃಷ್ಣಮೃಗಕ್ಕೂ ಈ ಸೀಮೆಯ ಹುಲ್ಲೇ ಆಧಾರ. ಇದಾವುದೂ ಆಕಾಶದ ಕಣ್ಣಿಗೆ ಬೀಳುವಂಥದ್ದಲ್ಲ.

ತಪ್ಪನ್ನೆಲ್ಲ ಇಂಗ್ಲಿಷರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಪಹಣಿಯಲ್ಲಿ ಬರುವ 'ಬಂಜರು', 'ಖರಾಬು' ಎಂಬ ಮಾತುಗಳು ಉರ್ದು ಬಲ್ಲವರಿಗೆ ಚೆನ್ನಾಗಿ ಗೊತ್ತು. ಜನ ನಡೆಯುವ ದಾರಿ, ಹರಿಯುವ ಹಳ್ಳ, ಸತ್ತವರನ್ನು ಹೂಳುವ ಸ್ಮಶಾನ, ಎಲ್ಲವೂ ಕಂದಾಯ ಲೆಕ್ಕದಲ್ಲಿ ಖರಾಬು. ಕಂದಾಯ ಕೊಡದ್ದು ಕೆಟ್ಟದ್ದು! ಕಾವಲುಗಳೂ ಸ್ವರ್ಗವಾಗಿರಲಿಲ್ಲ. ಮೈಸೂರಿನ ದೊರೆಗಳಿಗೆ ಬೇಕಿದ್ದದ್ದು ಫಿರಂಗಿ ಎಳೆಯುವ ಎತ್ತು.

ವಿಜ್ಞಾನ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆ ಸಂಸ್ಥೆಗಳಲ್ಲಿ ನಮ್ಮ ಮಕ್ಕಳೂ ಓದಲಿ, ದುಡಿಯಲಿ. ಪ್ರಶ್ನೆ ಅದಲ್ಲ. ಇನ್ನೊಬ್ಬರ ನೆಲವೆಂದು ತಿಳಿದು ಅಗತ್ಯಕ್ಕಾಗಿ ಪಡೆದರೆ ಅದು ಋಣ. ಕೇಳಬೇಕು, ಬದಲಿ ಕೊಡಬೇಕು, ನೆನಪಿಡಬೇಕು. ಖಾಲಿ ಎಂದು ಪಡೆದರೆ ಋಣವೇ ಹುಟ್ಟುವುದಿಲ್ಲ. ಖಾಲಿ ಎಂಬ ಮಾತಿನ ಅನ್ಯಾಯವಿರುವುದು ಇಲ್ಲಿ. ನೀರು, ಹುಲ್ಲು, ಬೆಂಕಿಗಳಲ್ಲಿ ಎಲ್ಲರೂ ಪಾಲುದಾರರೆಂಬ ಪ್ರವಾದಿಯವರ (ಸ) ಬೋಧನೆಯನ್ನು ನಂಬುವವರಿಗೆ ಹುಲ್ಲುಗಾವಲು ವಾರಸುದಾರರಿಲ್ಲದ ಆಸ್ತಿಯಾಗಿ ಕಾಣಬಾರದು.

ಹಾಗೆಂದು ಕಂಬಳಿ ಹೊದ್ದ ಮುದುಕನ ಸುಕ್ಕುಗಳನ್ನು ಕ್ಯಾಲೆಂಡರಿಗೆ ಏರಿಸಿದರೆ ನ್ಯಾಯವಾಗುವುದಿಲ್ಲ. ಅದೂ ಒಂದು ಚೌಕಳಿ ಪರದೆಯೇ. ಕುರಿಗಾಹಿಯ ಮಗಳಿಗೆ ಆ ಗೋಡೆಯೊಳಗಿನ ಪ್ರಯೋಗಾಲಯದ ಆಸೆಯಿರಬಹುದು, ಅವಳ ಚಿತ್ರದಲ್ಲಿ ಅದಕ್ಕೂ ಜಾಗ ಬೇಕು. 2021ರ ಜೂನ್ 7ರಂದು, ಹೊಸ ಕರಡು ಕಾನೂನುಗಳ ವಿರುದ್ಧ ಲಕ್ಷದ್ವೀಪದ ಜನ ಉಪವಾಸ ಕೂತು ಮನೆಯಂಗಳದಲ್ಲಿ ಫಲಕ ಹಿಡಿದು ನಿಂತರು. ಆ ಚಿತ್ರಗಳಲ್ಲಿ ಕಡಲ ಸೊಬಗು ಮುಖ್ಯವಾಗಿರಲಿಲ್ಲ. ಹೆಂಗಸರು, ಮಕ್ಕಳು, ಮನೆಯ ಬಾಗಿಲು ಇದ್ದವು. ನಾವಿಲ್ಲಿದ್ದೇವೆ ಎಂದು ಅವರೇ ಹೇಳಿಕೊಂಡ ಚಿತ್ರಗಳವು.

ಚಿತ್ರ ತೆಗೆಯುವುದು ಸರಿಯೇ ತಪ್ಪೇ ಎಂದು ನಮ್ಮವರು ಬಹುಕಾಲ ಚರ್ಚಿಸಿದ್ದಾರೆ. ಈಗ ಎಲ್ಲರ ಕೈಯಲ್ಲೂ ಕ್ಯಾಮರಾ ಇದೆ. ಉಳಿದಿರುವ ಪ್ರಶ್ನೆ ಅಮಾನತಿನದು. ಇನ್ನೊಬ್ಬರ ಮುಖವೂ ಊರೂ ನಮ್ಮ ಕೈಗೆ ಬಂದಾಗ ಅದು ಒಪ್ಪಿಸಿದ ಒಡವೆಯಂತೆ. ಕುದಾಪುರದ ಬಯಲಿನ ಚಿತ್ರ ತೆಗೆಯುವವರು ಮೊದಲು ಅಲ್ಲಿ ಮೇಯಿಸುವವರನ್ನು ಕೇಳಲಿ: ಇಲ್ಲಿ ಏನೇನಿದೆ?